ಮೊಲವೋ ಮೂಲವೋ: ಮಕ್ಕಳು ಕಾಗುಣಿತ ಓದಲು ಕಲಿಯುವ ಬಗೆ

ಎರಡನೆಯ ತರಗತಿಯ ಹುಡುಗಿಯೊಬ್ಬಳಿಗೆ ಕಾಗುಣಿತ ಬಾಯಿಪಾಠವಾಗಿತ್ತು. ‘ಕ’ದಿಂದ ‘ಳ’ದವರೆಗೆ ಯಾವ ಸಾಲು ಕೇಳಿದರೂ ತಡವರಿಸದೆ ರಾಗವಾಗಿ ಹೇಳುತ್ತಿದ್ದಳು. ಒಂದು ದಿನ ಹಲಗೆಯ ಮೇಲೆ ‘ಮೊಲ’ ಎಂದು ಬರೆದು ಓದಲು ಹೇಳಿದೆ. ಅವಳು ಒಂದು ಗಳಿಗೆ ಹಲಗೆಯನ್ನೇ ನೋಡಿದಳು. ಆಮೇಲೆ ಕೈಯನ್ನು ಲಂಗದ ಮರೆಯಲ್ಲಿ ಇಟ್ಟುಕೊಂಡು ತುಟಿಯೊಳಗೇ ‘ಮ ಮಾ ಮಿ ಮೀ’ ಎಂದು ಶುರುಮಾಡಿದಳು. ಒಂದೊಂದು ಅಕ್ಷರಕ್ಕೂ ಒಂದೊಂದು ಬೆರಳು ಮಡಚಿಕೊಳ್ಳುತ್ತಿತ್ತು. ‘ಮೂ’ ಬಂದಾಗ ಬೆರಳು ನಿಂತಿತು. ತಲೆಯೆತ್ತಿ, ತುಂಬು ನಂಬಿಕೆಯಿಂದ, ‘ಮೂಲ’ ಎಂದಳು.

ಅವಳ ಕಣ್ಣು ಮೋಸ ಮಾಡಿರಲಿಲ್ಲ. ‘ಮೊ’ ಮತ್ತು ‘ಮೂ’ ಎರಡಕ್ಕೂ ಬಲಗಡೆ ಒಂದೇ ಬಾಲವಿದೆ. ವ್ಯತ್ಯಾಸ ಇರುವುದು ತಲೆಯ ಮೇಲೆ: ‘ಮೂ’ನಲ್ಲಿ ತಲೆಕಟ್ಟು, ‘ಮೊ’ದಲ್ಲಿ ಎತ್ವ. ಅವಳಿಗೆ ಕಾಣಿಸಿದ್ದು ಬಾಲ, ಹಾಡಿನಲ್ಲಿ ಆ ಬಾಲ ಮೊದಲು ಸಿಗುವುದು ‘ಮೂ’ನಲ್ಲಿ, ಅಲ್ಲಿಗೇ ನಿಂತಳು. ನನ್ನನ್ನು ಕಾಡಿದ್ದು ತಪ್ಪು ಉತ್ತರಕ್ಕಿಂತ ಹೆಚ್ಚಾಗಿ ಆ ಮಡಚುವ ಬೆರಳು. ಒಂದು ಅಕ್ಷರವನ್ನು ಗುರುತಿಸಲು ಆ ಮಗು ಪ್ರತಿಸಲವೂ ಸಾಲಿನ ಮೊದಲಿಗೆ ಹೋಗಿ ಅಲ್ಲಿಂದ ನಡೆದು ಬರಬೇಕಾಗಿತ್ತು. ಮೂರು ಅಕ್ಷರದ ಪದಕ್ಕೆ ಮೂರು ಸಲ ನಡಿಗೆ. ಅಷ್ಟು ದೂರ ನಡೆದು ಬರುವ ಹೊತ್ತಿಗೆ ಮೊದಲ ಅಕ್ಷರ ನೆನಪಿನಿಂದ ಜಾರಿರುತ್ತದೆ.

ಕನ್ನಡ ಮಕ್ಕಳ ಓದು ಎಲ್ಲಿ ಮುಗ್ಗರಿಸುತ್ತದೆ ಎಂದು ಕೇಳಿದರೆ ಹೆಚ್ಚಿನವರು ಒತ್ತಕ್ಷರ ಎನ್ನುತ್ತಾರೆ. ಅದಕ್ಕೂ ಮುಂಚೆ, ಯಾರ ಗಮನಕ್ಕೂ ಬಾರದಂತೆ, ಎಷ್ಟೋ ಮಕ್ಕಳು ಗುಣಿತಾಕ್ಷರದಲ್ಲೇ ನಿಂತುಬಿಟ್ಟಿರುತ್ತಾರೆ. ಹಾಡು ಬರುವುದರಿಂದ ಓದು ಬರುತ್ತದೆ ಎಂದು ನಾವು ನಂಬಿಬಿಡುತ್ತೇವೆ.

ವ್ಯಂಜನದೊಳಗೆ ಕುಳಿತ ‘ಅ’

ಗುಣಿತಾಕ್ಷರದ ಹಿಂದಿರುವ ವಿಚಾರ ಒಂದೇ. ನಾವು ಬರೆಯುವ ‘ಕ’ ಬರಿಯ ವ್ಯಂಜನವಲ್ಲ, ಅದರೊಳಗೆ ‘ಅ’ ಎಂಬ ಸ್ವರ ಹುಟ್ಟಿನಿಂದಲೇ ಕುಳಿತಿದೆ. ಬೇರೊಂದು ಸ್ವರ ಬಂದಾಗ ಆ ‘ಅ’ ಎದ್ದುಹೋಗಿ ಜಾಗ ಬಿಟ್ಟುಕೊಡುತ್ತದೆ. ಕ್ ಜೊತೆ ಇ ಸೇರಿ ‘ಕಿ’, ಕ್ ಜೊತೆ ಉ ಸೇರಿ ‘ಕು’.

ನಾವು ಮಕ್ಕಳಿಗೆ ಹೇಳುವುದು ಹೀಗಲ್ಲ. ‘ಕ ಗುಡಿಸು ಕಿ’ ಎನ್ನುತ್ತೇವೆ. ಮಗುವಿನ ಕಿವಿಯಲ್ಲಿ ಇದು ‘ಕ’ ಇದ್ದಂತೆಯೇ ಇದೆ, ಅದರ ಮೇಲೆ ಇನ್ನೇನೋ ಬಂದು ಕೂತಿದೆ ಎಂದಾಗುತ್ತದೆ. ಹಾಗಾಗಿಯೇ ಕೆಲವು ಮಕ್ಕಳು ‘ಕಿವಿ’ಯನ್ನು ‘ಕಇ ವಇ’ ಎಂದು ಓದುತ್ತಾರೆ. ಅವರ ತರ್ಕ ಸರಿಯಾಗಿಯೇ ಇದೆ, ನಾವು ಕೊಟ್ಟ ಮಾಹಿತಿ ಅರ್ಧ.

ಲೆಕ್ಕ ನೋಡಿ. 34 ವ್ಯಂಜನಗಳು, ಒಂದೊಂದಕ್ಕೂ ಅನುಸ್ವಾರ ವಿಸರ್ಗ ಸೇರಿ 15 ರೂಪಗಳು. ಒಟ್ಟು 510 ಆಕಾರಗಳು. ಪ್ರತಿಯೊಂದನ್ನೂ ಬೇರೆ ಬೇರೆ ಚಿತ್ರವೆಂದು ನೆನಪಿಟ್ಟುಕೊಳ್ಳಲು ಹೊರಟ ಮಗುವಿಗೆ ಇದು ಬೆಟ್ಟ. ಒಳಗಿನ ಸೂತ್ರ ಹಿಡಿದ ಮಗುವಿಗೆ ಕಲಿಯಬೇಕಾದದ್ದು 34 ವ್ಯಂಜನ ಮತ್ತು 12 ಸ್ವರಚಿಹ್ನೆ, ಜೊತೆಗೆ ಎರಡು ಯೋಗವಾಹ (ಅಂ, ಅಃ). ಚಿಹ್ನೆಗಳಲ್ಲೂ ‘ಕೀ’, ‘ಕೇ’, ‘ಕೋ’ ಮೂರರ ಕೊನೆಯಲ್ಲಿರುವುದು ಒಂದೇ ದೀರ್ಘದ ಗುರುತು. ಇದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳುವುದೇ ಇಲ್ಲ. ಒಂದು ಗುರುತು, ಮೂರು ಕಡೆ ಅದೇ ಕೆಲಸ ಎಂದು ತೋರಿಸಿದ ದಿನ ಮಕ್ಕಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಮನೆಯಲ್ಲಿ ಮೊಬೈಲ್ ಇದ್ದರೆ ಈ ಸೂತ್ರವನ್ನು ಕಣ್ಣೆದುರೇ ತೋರಿಸಬಹುದು. ಅಕ್ಷರವನ್ನೂ ಚಿಹ್ನೆಯನ್ನೂ ಬೇರೆ ಬೇರೆಯಾಗಿ ಒತ್ತುವ ಕನ್ನಡ ಕೀಲಿಮಣೆಯಲ್ಲಿ ‘ಗಿ’ ಎಂದು ಬರೆಯಿರಿ. ಈಗ ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿ. ಗುಡಿಸು ಮಾಯವಾಗಿ ‘ಗ’ ಉಳಿಯುತ್ತದೆ. ಕೊಂಬು ಒತ್ತಿದರೆ ‘ಗು’, ಅಳಿಸಿದರೆ ಮತ್ತೆ ‘ಗ’. ಐದಾರು ಸಲ ಹೀಗೆ ಆಡಿದ ಮಗು ಚಿಹ್ನೆ ಎಂದರೆ ತೊಡಿಸಿ ಬಿಚ್ಚುವ ವಸ್ತು ಎಂದು ತಾನೇ ಕಂಡುಕೊಳ್ಳುತ್ತದೆ. ಮೊಬೈಲ್ ಮಕ್ಕಳ ಕೈಗೆ ಬೇಡ ಎನ್ನುವವಳು ನಾನು, ಆದರೂ ಈ ಐದು ನಿಮಿಷಕ್ಕೆ ಅನುಮತಿ ಕೊಡುತ್ತೇನೆ.

ಕಣ್ಣಿಗಿಂತ ಮೊದಲು ಕಿವಿ

ಚಿಹ್ನೆ ತೋರಿಸುವ ಮುನ್ನ ಸ್ವರ ಕಿವಿಗೆ ಬೀಳಬೇಕು. ಐದಾರು ವರ್ಷದ ಮಗುವಿಗೆ ‘ಕಾಗೆ’ಯಲ್ಲಿ ‘ಕಾ’, ‘ಗೆ’ ಎಂಬ ಎರಡು ತುಂಡುಗಳು ಸುಲಭವಾಗಿ ಕೇಳುತ್ತವೆ. ಚಪ್ಪಾಳೆ ತಟ್ಟಿಸಿದರೆ ತಪ್ಪದೆ ಎರಡು ತಟ್ಟುತ್ತದೆ. ‘ಗೆ’ ಒಳಗೆ ಗ್ ಮತ್ತು ಎ ಬೇರೆ ಬೇರೆ ಇವೆ ಎನ್ನುವುದು ಮಾತ್ರ ಅಷ್ಟು ಬೇಗ ಹೊಳೆಯುವುದಿಲ್ಲ. ನಮ್ಮ ಲಿಪಿಯೇ ಎರಡನ್ನೂ ಒಂದೇ ಆಕಾರದಲ್ಲಿ ಕಟ್ಟಿಡುವುದರಿಂದ ಅದನ್ನು ಬಿಡಿಸಿ ಕೇಳುವ ಅಗತ್ಯ ಮಗುವಿಗೆ ಬೀಳುವುದೂ ತಡವಾಗಿಯೇ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಂಗ್ಲಿಷಿನ 26 ಅಕ್ಷರ ಕಲಿಯುವುದಕ್ಕೆ ಹೋಲಿಸಿದರೆ ಕನ್ನಡದ ಅಕ್ಷರಜ್ಞಾನ ನಿಧಾನವಾಗಿ, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತ ಹೋಗುತ್ತದೆ. ಉಚ್ಚಾರದ ತುಂಡುಗಳನ್ನು ಗುರುತಿಸುವ ಶಕ್ತಿ ಮೊದಲು ಬರುತ್ತದೆ, ಬಿಡಿ ಧ್ವನಿಯ ಅರಿವು ಮೆಲ್ಲಗೆ ಬರುತ್ತದೆ. ಒಂದನೆಯ ತರಗತಿ ಮುಗಿಯುವುದರೊಳಗೆ ಕಾಗುಣಿತ ‘ಮುಗಿಸಿದೆವು’ ಎನ್ನುವ ಶಿಕ್ಷಕರೂ ಪೋಷಕರೂ ಈ ಮಾತನ್ನು ಗಮನಿಸಬೇಕು.

ಕಿವಿ ಪಳಗಿಸುವ ಉಪಾಯ ಸರಳ: ಎಳೆಯುವುದು. ‘ಕೀ’ ಎಂದು ಹೇಳಿ ಉಸಿರು ಮುಗಿಯುವವರೆಗೂ ಎಳೆಯಿರಿ. ಕೊನೆಗೆ ಬಾಯಲ್ಲಿ ಉಳಿಯುವುದು ‘ಈ’ ಮಾತ್ರ. ‘ಕೂ’ ಎಳೆದರೆ ತುಟಿ ಮುಂದಕ್ಕೆ ಬಂದು ‘ಊ’ ಉಳಿಯುತ್ತದೆ. ‘ಬಾ’, ‘ಮಾ’, ‘ದಾ’, ‘ಸಾ’ ಯಾವುದನ್ನೇ ಎಳೆಯಿರಿ, ಎಲ್ಲವೂ ಕೊನೆಗೆ ‘ಆ’ ಎಂಬ ಒಂದೇ ಮನೆಗೆ ಬಂದು ಸೇರುತ್ತವೆ. ಬಾಯಿ ಕೊನೆಗೆ ಯಾವ ಆಕಾರದಲ್ಲಿ ನಿಂತಿತು ಎಂದು ಮಗುವನ್ನೇ ಕೇಳಿ. ಒಂದು ಕನ್ನಡಿ ಕೈಗೆ ಕೊಟ್ಟರೆ ಇನ್ನೂ ಒಳ್ಳೆಯದು. ಈ ಆಟಕ್ಕೆ ಸ್ಲೇಟು ಬೇಡ, ಪುಸ್ತಕ ಬೇಡ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಲೂ ಆಡಿಸಬಹುದು.

ಹ್ರಸ್ವ ದೀರ್ಘ ಕಲಿಸಲು ಕೋಳಿಗಿಂತ ಒಳ್ಳೆಯ ಗುರುವಿಲ್ಲ. ಸಂಸ್ಕೃತ ವ್ಯಾಕರಣಕಾರ ಪಾಣಿನಿ ಹ್ರಸ್ವ, ದೀರ್ಘ ಮತ್ತು ಇನ್ನೂ ಉದ್ದಕ್ಕೆ ಎಳೆಯುವ ಪ್ಲುತ ಇವುಗಳನ್ನು ವಿವರಿಸುವಾಗ ಹಿಡಿದ ಉದಾಹರಣೆ ‘ಉ’ಕಾರದ ಮೂರು ಅಳತೆಗಳು. ಅದು ಕೋಳಿಯ ಕೂಗಿನ ಅಳತೆ ಎಂದು ವ್ಯಾಕರಣ ಸಂಪ್ರದಾಯ ಹೇಳುತ್ತದೆ. ಮಕ್ಕಳಿಂದ ಕೋಳಿ ಕೂಗಿಸಿ, ಚಿಕ್ಕ ‘ಕು’ಗೆ ಒಂದು ಚಿಟಿಕೆ, ‘ಕೂ’ಗೆ ಎರಡು ಚಿಟಿಕೆ ಹೊಡೆಸಿದರೆ ಮಾತ್ರೆಯ ಪಾಠ ಮುಗಿಯಿತು. ಆಮೇಲೆ ಜೋಡಿಗಳನ್ನು ಕೊಡಬೇಕು, ಅರ್ಥವೇ ಬದಲಾಗುವಂಥವು: ಬಳೆ, ಬಾಳೆ. ಬೆಳೆ, ಬೇಳೆ. ಬಿಡು, ಬೀಡು. ಒಲೆ, ಓಲೆ. ಹುಳು, ಹೂಳು. ಕರು ಎಂದರೆ ಅಂಬೆಗರೆಯುತ್ತದೆ, ಕಾರು ಎಂದರೆ ಹಾರ್ನ್ ಹೊಡೆಯುತ್ತದೆ. ಬಳೆ ತೊಟ್ಟ ಕೈಯನ್ನೂ ಬಾಳೆಹಣ್ಣನ್ನೂ ಮುಂದಿಟ್ಟು ‘ನಾನು ಯಾವುದನ್ನು ಹೇಳಿದೆ, ಮುಟ್ಟು’ ಎಂದರೆ ಮೂರು ವರ್ಷದ ಮಗುವೂ ತಪ್ಪುವುದಿಲ್ಲ. ಕಿವಿ ಈಗಾಗಲೇ ಬಲ್ಲ ಈ ವ್ಯತ್ಯಾಸವನ್ನು ಕಣ್ಣಿಗೆ ಪರಿಚಯ ಮಾಡಿಕೊಡುವುದಷ್ಟೇ ನಮ್ಮ ಕೆಲಸ.

ಬರೆಯುವಾಗ ದೀರ್ಘ ಬಿಟ್ಟುಬಿಡುವ ಮಕ್ಕಳ ಮೇಲೆ ಸಿಟ್ಟು ಮಾಡುವವರಿಗೆ ಒಂದು ಮಾತು. ನಮ್ಮ ಹಳೆಯ ಶಾಸನಗಳಲ್ಲಿ ಎ–ಏ, ಒ–ಓಗಳ ವ್ಯತ್ಯಾಸವನ್ನು ಸಾಮಾನ್ಯವಾಗಿ ಬರಹದಲ್ಲಿ ತೋರಿಸುತ್ತಲೇ ಇರಲಿಲ್ಲ. ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಿದ್ದರು. ಲಿಪಿಕಾರರೇ ಶತಮಾನಗಳ ಕಾಲ ಬಿಟ್ಟ ಗುರುತನ್ನು ಆರು ವರ್ಷದ ಮಗು ಆರು ತಿಂಗಳು ಬಿಟ್ಟರೆ ತಾಳ್ಮೆ ಕಳೆದುಕೊಳ್ಳಬೇಕಿಲ್ಲ.

‘ಮನೆ’ಗಿಂತ ಮೊದಲು ‘ಕೃಷಿ’ ಏಕೆ?

ಈಗ ಕ್ರಮದ ವಿಷಯ. ಇಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ.

ವರ್ಣಮಾಲೆಯ ಸಾಲಿನಲ್ಲಿ ಋ ಏಳನೆಯದು, ಎ ಎಂಟನೆಯದು. ಕಾಗುಣಿತವನ್ನು ಆ ಸಾಲಿನಲ್ಲೇ ಕಲಿಸುತ್ತ ಹೋದರೆ ಮಗುವಿಗೆ ‘ಕೆರೆ’ಗಿಂತ ಮೊದಲು ‘ಕೃಷಿ’ಯೂ, ‘ಮನೆ’ಗಿಂತ ಮೊದಲು ‘ಮೃಗ’ವೂ ಎದುರಾಗುತ್ತವೆ. ವಟ್ರಸುಳಿ ಬರುವುದು ಸಂಸ್ಕೃತದಿಂದ ಬಂದ ಪದಗಳಲ್ಲಿ, ಮಗುವಿನ ನಿತ್ಯದ ಮಾತಿನಲ್ಲಿ ಅವು ಬೆರಳೆಣಿಕೆಯಷ್ಟು. ಎತ್ವವೋ ಮನೆ, ಎಲೆ, ಆನೆ, ತಲೆ, ಮಳೆ, ಕಾಗೆ ಎಂದು ಮನೆಯಂಗಳದಲ್ಲೆಲ್ಲ ಚೆಲ್ಲಿಕೊಂಡಿದೆ. ವರ್ಣಮಾಲೆಯ ಸಾಲು ಧ್ವನಿಶಾಸ್ತ್ರದ ದೊಡ್ಡ ಸಾಧನೆ. ಉಚ್ಚಾರಣೆಯ ಜಾಗವನ್ನು ಅಷ್ಟು ಚೊಕ್ಕವಾಗಿ ಜೋಡಿಸಿದ ಲಿಪಿಗಳು ಜಗತ್ತಿನಲ್ಲಿ ಕಡಿಮೆ. ಆದರೆ ಅದು ಬಲ್ಲವರು ಜೋಡಿಸಿಟ್ಟ ಕಪಾಟು. ಹೊಸಬರಿಗೆ ಅಲ್ಲಿಂದ ಯಾವುದನ್ನು ಮೊದಲು ತೆಗೆದುಕೊಡಬೇಕು ಎನ್ನುವುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆಯನ್ನು ಕರ್ನಾಟಕ ಕೇಳಿಕೊಂಡಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳ ಪ್ರಯೋಗದಿಂದ ಸ್ಫೂರ್ತಿ ಪಡೆದು ಶುರುವಾದ ನಲಿಕಲಿ ಎಂಬ ಕಲಿಕಾ ಪದ್ಧತಿ, 2009–10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಅದು ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲ ಗೊಂಚಲು ‘ರ ಗ ಸ ದ ಅ’, ಮುಂದಿನದು ‘ಜ ವ ಮ ಬ ನ’. ಐದು ಅಕ್ಷರ ಕಲಿತ ಕೂಡಲೇ ಮಗು ಪದ ಓದುತ್ತದೆ: ಸರ, ದರ, ರಸ, ಅರಸ, ಅಗಸ, ಗರಗಸ. ಒಂದು ಜಿಲ್ಲೆಯ ಹೆಸರೂ ಬಂದುಬಿಡುತ್ತದೆ, ಗದಗ!

ಈ ಐದಕ್ಕೇ ಒಂದೊಂದು ಚಿಹ್ನೆ ಸೇರಿಸುತ್ತ ಹೋಗಿ ನೋಡಿ. ಇಳಿ ಸೇರಿಸಿದರೆ ದಾರ, ರಾಗ, ದಾಸ, ಸಾಗರ. ಗುಡಿಸು ಸೇರಿದರೆ ಸರಿ, ಗರಿ, ದಾರಿ, ರಾಗಿ, ಸಿರಿ. ಕೊಂಬು ಬಂದರೆ ಗುರು, ಗುರಿ, ಸಾಗು, ಸುರಿ, ಅರಗು. ಎತ್ವ ಬಂದರೆ ಗೆರೆ, ಸೆರೆ, ಗಾರೆ, ಸರಿಗೆ. ಅಕ್ಷರ ಐದು, ಚಿಹ್ನೆ ನಾಲ್ಕು, ಆಗಲೇ ಪುಟ ತುಂಬುವಷ್ಟು ಪದ. ಕಾಗುಣಿತದ ಕೋಷ್ಟಕವನ್ನು ಅಡ್ಡಡ್ಡ ಓದುವ ಬದಲು ಉದ್ದುದ್ದ ಓದುವುದು ಎಂದರೆ ಇದೇ. ಒಂದು ವ್ಯಂಜನಕ್ಕೆ ಎಲ್ಲ ಚಿಹ್ನೆಗಳನ್ನೂ ಹಚ್ಚಿ ಮುಂದಿನ ವ್ಯಂಜನಕ್ಕೆ ಹೋಗಬೇಡಿ. ಒಂದು ಚಿಹ್ನೆಯನ್ನು ಹಿಡಿದು ಬಲ್ಲ ವ್ಯಂಜನಗಳಿಗೆಲ್ಲ ಹಚ್ಚಿ, ಆ ಚಿಹ್ನೆ ಕೈಗೆ ಹತ್ತಿದ ಮೇಲೆ ಇನ್ನೊಂದಕ್ಕೆ ಹೋಗಿ. ರಾ, ಗಾ, ಸಾ, ದಾ ಎಂದು ಓದುತ್ತ ಹೋದಾಗ ಬದಲಾಗದೆ ಉಳಿಯುವುದು ‘ಆ’, ಮತ್ತು ಬದಲಾಗದೆ ಉಳಿಯುವುದು ಇಳಿ. ಎರಡೂ ಒಂದೇ ಎಂಬುದು ಆಗ ತಾನಾಗಿ ಕಾಣುತ್ತದೆ.

ನಾನು ಇಳಿ, ಗುಡಿಸು, ಕೊಂಬು, ಎತ್ವ ಈ ನಾಲ್ಕನ್ನು ಮೊದಲು ಮುಗಿಸುತ್ತೇನೆ. ಕಾರಣ ಕನ್ನಡದ ಜಾಯಮಾನದಲ್ಲೇ ಇದೆ. ಇಂದಿನ ಅಚ್ಚಗನ್ನಡ ಪದಗಳು ಹೆಚ್ಚುಕಡಿಮೆ ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ. ಹಳಗನ್ನಡದ ‘ಕಾಲ್’ ಈಗ ‘ಕಾಲು’, ‘ಕಣ್’ ಈಗ ‘ಕಣ್ಣು’. ಹೊರಗಿನಿಂದ ಬಂದ ಬಸ್ಸಿಗೂ ಲೈಟಿಗೂ ನಾವು ‘ಉ’ ಅಂಟಿಸಿ ಬಸ್ಸು, ಲೈಟು ಮಾಡಿಕೊಂಡಿದ್ದೇವೆ. ಹೀಗಾಗಿ ಕೊಂಬು ಮತ್ತು ಎತ್ವ ಇಲ್ಲದೆ ಕನ್ನಡದ ಒಂದು ಸಹಜ ವಾಕ್ಯವನ್ನು ಓದುವುದೇ ಕಷ್ಟ. ಹಸು, ಕರು, ಮಗು, ಊರು, ಹಾಲು, ಮನೆ, ಬಳೆ ಇವು ಬಂದರೆ ಕಥೆ ಓದಲು ಬಾಗಿಲು ತೆರೆಯುತ್ತದೆ. ದೀರ್ಘಗಳು ಆಮೇಲೆ, ಒತ್ವ ಇನ್ನೂ ಆಮೇಲೆ. ವಟ್ರಸುಳಿ ಮತ್ತು ವಿಸರ್ಗ ಕಾಯಬಹುದು.

ಆಕಾರದ ಬಲೆಗಳು

ಇನ್ನು ಕಣ್ಣಿನ ಕಷ್ಟಗಳು. ಇಂಗ್ಲಿಷಿನಲ್ಲಿ ಅಕ್ಷರಗಳು ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಸ್ವರಚಿಹ್ನೆ ತಲೆಯ ಮೇಲೆ ಕೂರುತ್ತದೆ, ಬಲಕ್ಕೆ ಬಾಲವಾಗುತ್ತದೆ, ಕಾಲಡಿಗೆ ಇಳಿಯುತ್ತದೆ, ಕೆಲವೊಮ್ಮೆ ಎರಡು ಕಡೆ ಒಟ್ಟಿಗೇ ಇರುತ್ತದೆ. ಇಂಗ್ಲಿಷ್ ಮೊದಲು ಕಲಿತು ಆಮೇಲೆ ಕನ್ನಡಕ್ಕೆ ಬರುವ ಮಕ್ಕಳು, ಪರದೇಶದ ವಾರಾಂತ್ಯದ ಕನ್ನಡ ತರಗತಿಗಳ ಮಕ್ಕಳೂ ಸೇರಿ, ಬಲಗಡೆಯ ತುದಿಯನ್ನಷ್ಟೇ ನೋಡಿ ಮೇಲಿನದನ್ನು ಬಿಟ್ಟುಬಿಡುವುದುಂಟು. ಅವರಿಗೆ ನಾನು ಹೇಳುವುದು: ಅಕ್ಷರದ ಸುತ್ತ ಒಂದು ಪ್ರದಕ್ಷಿಣೆ ಹಾಕು, ಮೊದಲು ತಲೆ, ಆಮೇಲೆ ಬಲ, ಆಮೇಲೆ ಪಾದ.

ತಲೆಕಟ್ಟು ಇನ್ನೊಂದು ಸಂಗತಿ. ಕ, ಗ, ತ, ದಗಳಿಗೆ ತಲೆಕಟ್ಟಿದೆ. ಗುಡಿಸೋ ಎತ್ವವೋ ಬಂದಾಗ ಅದು ಹೋಗಿ ಆ ಜಾಗದಲ್ಲಿ ಹೊಸ ಚಿಹ್ನೆ ಕೂರುತ್ತದೆ. ‘ಅ’ ಎದ್ದುಹೋಗುವುದನ್ನು ಲಿಪಿಯೇ ಚಿತ್ರ ಬರೆದು ತೋರಿಸಿದಂತೆ! ಆದರೆ ಖ, ಜ, ಣ, ಬ, ಲಗಳಿಗೆ ತಲೆಕಟ್ಟೇ ಇಲ್ಲ. ಅವುಗಳ ಗುಡಿಸು, ಎತ್ವಗಳ ಜೋಡಣೆ ಬೇರೆಯಾಗಿ ಕಾಣುತ್ತದೆ. ‘ಕಿ’, ‘ಗಿ’ ಚೆನ್ನಾಗಿ ಓದುವ ಮಗು ‘ಬಿ’, ‘ಲಿ’, ‘ಜಿ’ ಬಂದಾಗ ಅನುಮಾನಿಸಿದರೆ ಇದೇ ಕಾರಣ. ಇವನ್ನು ಒಂದು ಗುಂಪಾಗಿ, ಒಂದೇ ದಿನ, ಪಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು.

ಮ ಎಂಬುದು ಬೇರೆಯೇ ತರಲೆ. ಅದನ್ನು ಸುಮ್ಮನೆ ನೋಡಿದರೆ ‘ವ’ದ ಬಲಗಡೆ ಒಂದು ಕೊಕ್ಕೆ ಸೇರಿಸಿದಂತಿದೆ. ಆ ಕೊಕ್ಕೆ ಕೊಂಬಿನಂತೆಯೇ ಕಾಣುತ್ತದೆ. ‘ವ’ಕ್ಕೆ ನಿಜವಾಗಿ ಕೊಂಬು ಕೊಡುವಾಗ ಅದನ್ನು ಕೆಳಗಿನಿಂದ ಎಳೆದು ‘ವು’ ಎಂದು ಬರೆಯುವುದು ಈ ಗೊಂದಲ ತಪ್ಪಲೆಂದೇ. ಇಷ್ಟಾದರೂ ‘ಮಿ’ಯಲ್ಲಿ ಗುಡಿಸು ‘ವ’ದಂಥ ಭಾಗದ ಮೇಲೆ ಕೂತು ಕೊಕ್ಕೆ ಬಲಗಡೆಗೇ ಉಳಿಯುವುದರಿಂದ, ‘ಮಿಂಚು’ ಓದಲು ಹೋದ ಮಗು ‘ವಿ’ ಎಂದು ಶುರುಮಾಡಿ ನಿಂತುಬಿಡುತ್ತದೆ. ಮ, ವ, ವು, ಮಿ, ವಿ, ಮು ಇವಿಷ್ಟನ್ನು ರಾಗಿ ಹಿಟ್ಟು ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸಿ. ಕೈ ಎಲ್ಲಿ ತಿರುಗುತ್ತದೆ ಎನ್ನುವುದು ಬೆರಳಿಗೆ ಗೊತ್ತಾದರೆ ಕಣ್ಣಿಗೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಆಳವಾದ ಬಲೆ ಒತ್ವ, ನಮ್ಮ ಹುಡುಗಿ ಬಿದ್ದದ್ದು. ‘ಕೊ’ದಲ್ಲಿ ಮೇಲೆ ‘ಕೆ’ಯ ಎತ್ವವಿದೆ, ಬಲಕ್ಕೆ ‘ಕೂ’ನ ಬಾಲವಿದೆ. ಆದರೆ ಕೇಳುವ ಧ್ವನಿ ಎ ಅಲ್ಲ, ಊ ಅಲ್ಲ, ಎರಡನ್ನೂ ಸೇರಿಸಿ ಹೇಳಿದ್ದೂ ಅಲ್ಲ. ಅದು ‘ಒ’ ಎಂಬ ಒಂದೇ ಸ್ವರ. ಎರಡು ಗುರುತು, ಒಂದು ಧ್ವನಿ. ಒಂದು ಗುರುತು ತಪ್ಪಿದರೆ ‘ಮೊಲ’ ಹೋಗಿ ‘ಮೂಲ’ವಾಗುತ್ತದೆ, ಇನ್ನೊಂದು ತಪ್ಪಿದರೆ ‘ಕೊರೆ’ ಹೋಗಿ ‘ಕೆರೆ’ಯಾಗುತ್ತದೆ. ಎಲ್ಲವೂ ಇರುವ ಪದಗಳೇ ಆದ್ದರಿಂದ ಮಗುವಿಗೆ ತಪ್ಪು ತಿಳಿಯುವುದೂ ಇಲ್ಲ.

ಓಕಾರವನ್ನು ಎರಡು ತುಂಡಿನಲ್ಲಿ ಬರೆಯುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನಗಳನ್ನು ಕೊರೆದ ಬ್ರಾಹ್ಮಿ ಲಿಪಿಯಲ್ಲೂ ಏಕಾರದ ಎಡಗೀಟು ಮತ್ತು ಆಕಾರದ ಬಲಗೀಟು ಸೇರಿದರೆ ಓಕಾರ. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಜೋಡಣೆ ಆರು ವರ್ಷದ ಮಗುವನ್ನು ಈಗಲೂ ಗೊಂದಲಕ್ಕೆ ಕೆಡವುತ್ತಿದೆ. ಪರಿಹಾರವೆಂದರೆ ‘ಕೆ’ ಮತ್ತು ‘ಕೂ’ ಎರಡೂ ಗಟ್ಟಿಯಾಗುವವರೆಗೆ ಒತ್ವಕ್ಕೆ ಕೈಹಾಕದಿರುವುದು. ಕೈಹಾಕಿದಾಗ ಮೇಲಿನ ಎತ್ವವನ್ನೂ ಬಲದ ಬಾಲವನ್ನೂ ಒಂದೇ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ‘ಇವರಿಬ್ಬರೂ ಸೇರಿ ಒಬ್ಬರು’ ಎಂದು ತೋರಿಸುವುದು. ಮೊಲ, ಹೊಲ, ಕೊಡೆ, ಗೊಂಬೆ, ಮೊಸರು, ಹೊಗೆ ಇವು ಸಾಕಷ್ಟು ದಿನ ಓಡುತ್ತವೆ.

ಹೆಸರು ಹೇಳುವುದು ಓದುವುದಲ್ಲ

‘ಮ ಎತ್ವ ಮೆ, ರ ತಲೆಕಟ್ಟು ರ, ವ ತಲೆಕಟ್ಟು ವ, ಣ ಗುಡಿಸು ಣಿ, ಗ ಎತ್ವ ಗೆ.’ ಇಷ್ಟು ಹೇಳಿ ಮುಗಿಸಿದ ಮಗುವನ್ನು ‘ಏನು ಪದ?’ ಎಂದು ಕೇಳಿ. ‘ಗೆ’ ಎನ್ನುತ್ತದೆ. ಪಾಪ, ಐದು ಅಕ್ಷರದ ಪದಕ್ಕೆ ಹದಿನೈದು ಮಾತು ಹೇಳಿಸಿದರೆ ಮೆರವಣಿಗೆ ಎಲ್ಲಿ ಉಳಿಯುತ್ತದೆ? ಚಿಹ್ನೆಯ ಹೆಸರುಗಳು ಬೇಕು, ಉಕ್ತಲೇಖನ ತಿದ್ದುವಾಗ ‘ಇಲ್ಲಿ ಕೊಂಬು ಬಿಟ್ಟಿದ್ದೀಯ’ ಎನ್ನಲು ಅವೇ ಒದಗುತ್ತವೆ. ಓದುವಾಗ ಅವು ನಡುವೆ ಬರಬಾರದು. ನಾನು ಕಟ್ಟಿಸುವುದು ಹೀಗೆ: ಮೆ. ಮೆರ. ಮೆರವ. ಮೆರವಣಿ. ಮೆರವಣಿಗೆ. ಪ್ರತಿ ಸಲವೂ ಮೊದಲಿನಿಂದ, ಬೆರಳನ್ನು ಪದದ ಕೆಳಗೆ ಸರಿಸುತ್ತ. ಮೂರನೆಯ ಹೆಜ್ಜೆಯಲ್ಲೇ ಮಗುವಿನ ಕಣ್ಣು ಹೊಳೆಯುತ್ತದೆ, ಪದ ಸಿಕ್ಕಿಬಿಟ್ಟಿರುತ್ತದೆ.

ಕೆಲವು ಸಲ ಜೋಡಣೆ ಸರಿಯಾಗಿದ್ದರೂ ಪದ ಸಿಗುವುದಿಲ್ಲ. ‘ಹು, ಡು, ಗ’ ಎಂದು ಅಚ್ಚುಕಟ್ಟಾಗಿ ಓದಿದ ಮಗು ಸುಮ್ಮನೆ ನಮ್ಮ ಮುಖ ನೋಡುತ್ತದೆ. ಏಕೆಂದರೆ ಅದರ ಮನೆಯಲ್ಲಿ ‘ಹುಡುಗ’ ಇಲ್ಲ, ‘ಹುಡ್ಗ’ ಇದ್ದಾನೆ. ಆಡುಮಾತು ನಡುವಿನ ಸ್ವರಗಳನ್ನು ನುಂಗುತ್ತದೆ, ಬರಹ ಅವುಗಳನ್ನು ಉಳಿಸಿಕೊಂಡಿದೆ. ಇಲ್ಲಿ ಮಗು ಓದಿನಲ್ಲಿ ಸೋತಿಲ್ಲ. ‘ಬೇಗ ಬೇಗ ಹೇಳು ನೋಡೋಣ’ ಎಂದರೆ ತಾನೇ ‘ಹುಡ್ಗ’ಕ್ಕೆ ಬಂದು ನಗುತ್ತದೆ. ಧಾರವಾಡದ ಕಡೆಯ ಮಗು ‘ಮನೆ’ಯನ್ನು ‘ಮನಿ’ ಎಂದೂ, ‘ಬೇಡ’ವನ್ನು ‘ಬ್ಯಾಡ’ ಎಂದೂ ಓದಿದರೆ ಅದೂ ತಪ್ಪಲ್ಲ. ಅದು ಎತ್ವವನ್ನು ಗುರುತಿಸಿದೆ, ಪದ ತಿಳಿದುಕೊಂಡಿದೆ, ತನ್ನ ನುಡಿಗೆ ತಂದುಕೊಂಡು ಹೇಳಿದೆ. ಓದುವುದೆಂದರೆ ಇನ್ನೇನು? ‘ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದು ಮೆಲ್ಲಗೆ ತೋರಿಸಿದರೆ ಸಾಕು. ಆ ಜಾಗದಲ್ಲಿ ಗದರಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಮಗು ನಿಜವಾಗಿ ಚಿಹ್ನೆ ನೋಡಿ ಓದುತ್ತಿದೆಯೋ, ಚಿತ್ರ ನೋಡಿ ಊಹಿಸುತ್ತಿದೆಯೋ ಎಂದು ತಿಳಿಯಲು ಅರ್ಥವಿಲ್ಲದ ಪದ ಕೊಡಿ: ‘ಬೀಕು’, ‘ಮೋಗಿ’. ಇವು ಬೇರೆ ಗ್ರಹದ ಪ್ರಾಣಿಗಳ ಹೆಸರು ಎಂದರೆ ಮಕ್ಕಳು ಕುಣಿದಾಡಿಕೊಂಡು ಓದುತ್ತಾರೆ. ಎಲ್ಲಿ ಎಡವುತ್ತಾರೆ ಎಂಬುದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಐ ಮತ್ತು ಔ ನಿಜವಾಗಿಯೂ ಬೆರೆತ ಸ್ವರಗಳು, ಅ ಇಂದ ಇ ಕಡೆಗೆ, ಅ ಇಂದ ಉ ಕಡೆಗೆ ಜಾರುವಂಥವು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಇವುಗಳಿಗೆ ಬೇರೆ ಅಕ್ಷರವೇ ಬೇಡ, ‘ಕಯ್’ ಎಂದು ಬರೆದರೆ ಸಾಕು ಎಂದು ವಾದಿಸಿದ್ದರು. ಅಚ್ಚಿನ ಕನ್ನಡ ಆ ದಾರಿ ಹಿಡಿದಿಲ್ಲ. ಮಕ್ಕಳಿಗೆ ಕೈ, ಮೈ, ತೈಲ, ಹೌದು, ಗೌಡ, ಚೌಕ ಇವು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಐತ್ವದ ಕಾಲಡಿಯ ಸುರುಳಿ ಬೇರೆಲ್ಲೂ ಬಾರದ ಗುರುತಾದ್ದರಿಂದ ಒಮ್ಮೆ ನೋಡಿದರೆ ಮರೆಯುವುದಿಲ್ಲ.

ನಮ್ಮ ಮಕ್ಕಳು ಅದೇ ವರ್ಷ ಇಂಗ್ಲಿಷಿನ ಸ್ವರಜೋಡಿಗಳನ್ನೂ ಎದುರಿಸುತ್ತಾರೆ. ಅಲ್ಲಿ e ಮತ್ತು a ಎಂಬ ಅಕ್ಷರಗಳ ಒಂದೇ ಜೋಡಿ ‘ಬ್ರೆಡ್’ (bread) ಪದದಲ್ಲಿ ಒಂದು ಬಗೆ, ‘ಮೀಟ್’ (meat) ಪದದಲ್ಲಿ ಇನ್ನೊಂದು, ‘ಗ್ರೇಟ್’ (great) ಪದದಲ್ಲಿ ಮತ್ತೊಂದು. ಎರಡು ಸ್ವರ ಜೊತೆಯಾಗಿ ನಡೆದರೆ ಮೊದಲನೆಯದು ಮಾತಾಡುತ್ತದೆ ಎಂದು ಅಲ್ಲಿಯ ಶಾಲೆಗಳು ಹೇಳಿಕೊಡುವ ಸೂತ್ರವನ್ನು ಅಮೆರಿಕದ ಥಿಯೊಡೋರ್ ಕ್ಲೈಮರ್ 1963ರಲ್ಲಿ ಪ್ರಾಥಮಿಕ ಪಠ್ಯಗಳ ಪದಗಳ ಮೇಲೆ ಪರೀಕ್ಷಿಸಿದಾಗ, ಅದು ಸರಿಹೊಂದಿದ್ದು ನೂರಕ್ಕೆ ಸುಮಾರು 45ರಷ್ಟು ಸಲ ಮಾತ್ರ. ಕನ್ನಡದ ಗುಡಿಸು ಎಂದೂ ಮಗುವಿಗೆ ಸುಳ್ಳು ಹೇಳುವುದಿಲ್ಲ. ಯಾವ ವ್ಯಂಜನದ ಮೇಲೆ ಕೂತರೂ ಅದು ‘ಇ’. ಬರಹವನ್ನು ನಂಬಬಹುದು ಎಂಬ ಧೈರ್ಯವನ್ನು ಮಗು ಮೊದಲು ಕನ್ನಡದಲ್ಲಿ ಗಳಿಸಿಕೊಳ್ಳಲಿ ಎಂದು ನಾನು ಪೋಷಕರನ್ನು ಕೇಳಿಕೊಳ್ಳುವುದು ಈ ಕಾರಣಕ್ಕೆ.

ಪುಸ್ತಕ ಕಡಿಮೆ ಇದ್ದ ವರ್ಷಗಳಲ್ಲಿ ನನಗೆ ಒದಗಿದ್ದು ಬಸ್ ಫಲಕಗಳು. ಊರಿನ ಹೆಸರುಗಳಲ್ಲೇ ಇಡೀ ಪಾಠಕ್ರಮ ಇದೆ. ಗದಗಕ್ಕೆ ಚಿಹ್ನೆಯೇ ಬೇಡ. ಹಾಸನ, ರಾಮನಗರಕ್ಕೆ ಇಳಿ ಸಾಕು. ಉಡುಪಿಗೆ ಕೊಂಬು, ಗುಡಿಸು. ಬೆಳಗಾವಿಗೆ ಎತ್ವ. ತುಮಕೂರು, ಹಾವೇರಿ, ಮಡಿಕೇರಿ, ಕೋಲಾರಕ್ಕೆ ದೀರ್ಘಗಳು. ಮೈಸೂರಿಗೆ ಐತ್ವ. ಒಂದಕ್ಕೂ ಒತ್ತಕ್ಷರ ಬೇಕಿಲ್ಲ.

ಆ ಹುಡುಗಿಯನ್ನೂ ಅವಳ ತರಗತಿಯವರನ್ನೂ ಆ ವರ್ಷದ ಕೊನೆಗೆ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಬಸ್ಸು ತಿರುವಿನಲ್ಲಿ ಬಂದು ನಿಂತಿತು. ಅವಳು ಎರಡು ಹೆಜ್ಜೆ ಮುಂದೆ ಹೋಗಿ, ‘ಹೊ... ಹೊಸ... ಹೊಸಕೋ... ಹೊಸಕೋಟೆ!’ ಎಂದಳು. ನಾನು ಅವಳ ಕೈಗಳನ್ನು ನೋಡಿದೆ. ಎರಡೂ ಪಕ್ಕದ ಗೆಳತಿಯ ಭುಜದ ಮೇಲಿದ್ದವು. ಹಿಂದೆಯೇ ಇನ್ನೊಂದು ಬಸ್ಸು ಬಂತು, ಚಿಕ್ಕಬಳ್ಳಾಪುರಕ್ಕೆ ಹೋಗುವುದು. ‘ಚಿ’ ಎಂದು ನಿಂತು, ‘ಕ’ದ ಕೆಳಗೆ ಇದೇನು ಎಂದು ಕೇಳಿದಳು.